ಸಿಆರ್‌ಪಿ 18 ಬಂದಿದೆ, ಮಗುವಿಗೆ ಸೋಂಕಾಗಿದೆಯಾ?

ಪ್ರಶ್ನೆ: ನಮ್ಮ ಮಗಳು ಹುಟ್ಟಿ ಮೂರು ದಿನ. ತಿಂಗಳು ತುಂಬಿದ ಮಗು, ತೂಕ 3 ಕೆಜಿ. ನೀರು ಒಡೆದು 20 ಗಂಟೆ ಆದ ಮೇಲೆ ಹೆರಿಗೆಯಾಯಿತು. ಮಗು ಸ್ವಲ್ಪ ಮಂಕಾಗಿತ್ತು ಅಂತ ರಕ್ತ ಪರೀಕ್ಷೆ ಮಾಡಿದರು. ಮೊದಲ ಸಲ ಸಿಆರ್‌ಪಿ 4, ಮರುದಿನ 18. ಆಂಟಿಬಯೋಟಿಕ್ ಕೊಡುತ್ತಿದ್ದಾರೆ. ಈಗ ಕಲ್ಚರ್‌ನಲ್ಲಿ (ರಕ್ತದಲ್ಲಿ ರೋಗಾಣು ಬೆಳೆಯುತ್ತಾ ಅಂತ ನೋಡುವ ಪರೀಕ್ಷೆ) ಏನೂ ಬಂದಿಲ್ಲ ಅಂತಾರೆ, ಮಗುವೂ ಚೆನ್ನಾಗಿ ಹಾಲು ಕುಡೀತಿದೆ. ಸುಮ್ನೆ ಚುಚ್ಚಿದರಾ? ಇಷ್ಟು ಸಲ ರಕ್ತ ತೆಗೆದರೆ ನಿಶ್ಶಕ್ತಿ ಆಗಲ್ವಾ?
— ಹೊಸ ಅಪ್ಪ, ಹಾವೇರಿ

ಉತ್ತರ: ರಕ್ತದ ಚಿಂತೆ ಬಿಡಿ. 3 ಕೆಜಿ ಮಗುವಿನ ಮೈಯಲ್ಲಿ ಸುಮಾರು 250 ಎಂಎಲ್ ರಕ್ತ ಇರುತ್ತದೆ. ಕಲ್ಚರ್‌ಗೆ ಬೇಕಾಗುವುದು 1 ಎಂಎಲ್. ಅದಕ್ಕಿಂತ ಕಡಿಮೆ ತೆಗೆದರೆ ರೋಗಾಣು ಇದ್ದರೂ ಸಿಗದೇ ಹೋಗಬಹುದು.

ಸಿಆರ್‌ಪಿ ಲಿವರ್‌ನಲ್ಲಿ ತಯಾರಾಗುವ ಒಂದು ಪ್ರೋಟೀನ್, ಸೋಂಕಾದಾಗ ರಕ್ತದಲ್ಲಿ ಏರುತ್ತದೆ. ಸೋಂಕು ಶುರುವಾದ ತಕ್ಷಣ ಏರುವುದಿಲ್ಲ, 6ರಿಂದ 12 ಗಂಟೆ ಬೇಕು. ಹಾಗಾಗಿ ಮೊದಲ ದಿನದ 4 ನೋಡಿ ನಿಶ್ಚಿಂತರಾಗುವಂತಿರಲಿಲ್ಲ. ಮರುದಿನದ 18 ನೋಡಿ ಸೋಂಕೇ ಅಂತ ಹೇಳುವಂತೆಯೂ ಇರಲಿಲ್ಲ. ಹೆರಿಗೆ ಕಷ್ಟವಾದರೆ, ಮಗು ಹೊಟ್ಟೆಯಲ್ಲೇ ಮಲ ಮಾಡಿ ಅದು ಶ್ವಾಸಕೋಶಕ್ಕೆ ಹೋಗಿದ್ದರೆ, ಸೋಂಕಿಲ್ಲದೆಯೂ ಸಿಆರ್‌ಪಿ ಏರುತ್ತದೆ. ಮೊದಲೆರಡು ದಿನ ಆರೋಗ್ಯವಾಗಿರುವ ಮಕ್ಕಳಲ್ಲೂ ಸ್ವಲ್ಪ ಏರುವುದುಂಟು. (ರಿಪೋರ್ಟ್‌ನಲ್ಲಿ ಯೂನಿಟ್ ನೋಡಿ. ಲೀಟರಿಗೆ 18 ಮಿಲಿಗ್ರಾಂ ಅಂದರೂ ಡೆಸಿಲೀಟರಿಗೆ 1.8 ಅಂದರೂ ಒಂದೇ. ಇದನ್ನು ನೋಡದೆ ಎಷ್ಟೋ ಮನೆಯವರು ಗಾಬರಿಯಾಗುತ್ತಾರೆ.)

ಹಾಗಾದರೆ ಔಷಧಿ ಯಾಕೆ? ನೀರು ಒಡೆದು 18 ಗಂಟೆ ದಾಟಿದರೆ ಸೋಂಕಿನ ಅಪಾಯ ಹೆಚ್ಚು, ನಿಮಗೆ ಅದು ದಾಟಿತ್ತು, ಮಗುವೂ ಮಂಕಾಗಿತ್ತು. ಹಸುಗೂಸಿಗೆ ಸೋಂಕು ತಗುಲಿದರೆ ಕೆಲವೇ ಗಂಟೆಗಳಲ್ಲಿ ಕೈಮೀರುತ್ತದೆ. ಕಲ್ಚರ್ ಫಲಿತಾಂಶಕ್ಕೆ 36ರಿಂದ 48 ಗಂಟೆ ಬೇಕು, ಅಲ್ಲಿಯವರೆಗೆ ಕಾಯುವ ಹಾಗಿಲ್ಲ. ನಿಮ್ಮ ಡಾಕ್ಟರ ಜಾಗದಲ್ಲಿ ನಾನಿದ್ದರೂ ಶುರು ಮಾಡುತ್ತಿದ್ದೆ.

ನನಗೆ ಬೇಜಾರಾಗುವುದು ನಿಲ್ಲಿಸುವ ವಿಷಯದಲ್ಲಿ. ಮಗು ಗೆಲುವಾಗಿದೆ, ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಸಿಆರ್‌ಪಿ ಇಳಿಯುತ್ತಿದೆ. ಆದರೂ ಆ ಒಂದು ಅಂಕಿಗೆ ಹೆದರಿ ಏಳು ದಿನ ಎಳೆಯುವುದುಂಟು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಹಾಳಾಗುತ್ತವೆ, ಬಾಣಂತಿ ಒಂದು ಕಡೆ, ಕೂಸು ಒಂದು ಕಡೆ. ನೀವು ಡಾಕ್ಟರಿಗೆ ಎರಡು ಮಾತು ಕೇಳಿ: ಕಲ್ಚರ್‌ಗೆ ರಕ್ತ ತೆಗೆದದ್ದು ಮೊದಲ ಡೋಸ್‌ಗಿಂತ ಮುಂಚೆಯೇ ತಾನೇ? ಔಷಧಿ ಯಾವಾಗ ನಿಲ್ಲಿಸಬಹುದು? ಆದರೆ ನೀವಾಗಿಯೇ ನಿಲ್ಲಿಸಿ ಮನೆಗೆ ಕರೆದೊಯ್ಯಬೇಡಿ.

ನಾನು ರೌಂಡ್ಸ್‌ನಲ್ಲಿ ರಿಪೋರ್ಟ್ ತೆಗೆಯುವ ಮುಂಚೆ ಮಗುವಿನ ಹೊಟ್ಟೆ, ಆಮೇಲೆ ಅಂಗಾಲು ಮುಟ್ಟುತ್ತೇನೆ. ಎರಡೂ ಬೆಚ್ಚಗಿದ್ದರೆ ಸರಿ. ಮನೆಗೆ ಹೋದ ಮೇಲೆ ನೀವೂ ಹೀಗೇ ನೋಡಿ. ಹೊದಿಸಿದರೂ ಎರಡೂ ತಣ್ಣಗಿದ್ದರೆ, ಜ್ವರ ಬಂದರೆ, ಹಾಲು ಬಿಟ್ಟರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ, ಹಳೇ ರಿಪೋರ್ಟ್ ನಾರ್ಮಲ್ ಇತ್ತಲ್ಲ ಅಂತ ಕೂರಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.