ನ್ಯೂಜೆರ್ಸಿಯಲ್ಲಿ ನನ್ನ ಓಟಿಗೆ ಬೆಲೆಯೇ ಇಲ್ಲ. ಅಧ್ಯಕ್ಷರನ್ನು ಜನರ ನೇರ ಓಟಿನಿಂದಲ್ಲದೆ ಪ್ರತಿ ರಾಜ್ಯದ ಎಲೆಕ್ಟರ್‌ಗಳ (ಪ್ರತಿನಿಧಿಗಳ) ಮೂಲಕ ಆರಿಸುವ ಎಲೆಕ್ಟೋರಲ್ ಕಾಲೇಜ್ ತೆಗೆಯದೆ ಅಮೆರಿಕದ ಪ್ರಜಾಪ್ರಭುತ್ವ ಸುಧಾರಿಸುತ್ತಾ?

ಪೌರತ್ವ ಸಿಕ್ಕ ಹೊಸದರಲ್ಲಿ ನಾನೂ ಥೇಟ್ ಹೀಗೇ ಮಾತಾಡುತ್ತಿದ್ದೆ. ಅಧ್ಯಕ್ಷರ ಚುನಾವಣೆಯೊಂದೇ ಚುನಾವಣೆ, ಮಿಕ್ಕಿದ್ದೆಲ್ಲ ಪಂಚಾಯ್ತಿ ಗಲಾಟೆ ಅಂತ. ಆಗ ನಾವಿದ್ದದ್ದು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ, ಹಡಗು ಕಟ್ಟುವ ಊರು.

2017ರ ನವೆಂಬರ್ 7, ಮಂಗಳವಾರ. ಗವರ್ನರ್ ಜೊತೆಗೆ ಹೌಸ್ ಆಫ್ ಡೆಲಿಗೇಟ್ಸ್‌ಗೂ ಮತದಾನ. ನಮ್ಮ ಲೆಕ್ಕದಲ್ಲಿ ವಿಧಾನಸಭೆ ಅನ್ನಿ. ಶನಿವಾರ ರಾಜ್ಯೋತ್ಸವದ ಕಾರ್ಯಕ್ರಮ, ನಾಟಕದಲ್ಲಿ ನನಗೊಂದು ಪಾತ್ರ. ಆಫೀಸಿನಿಂದ ಬಂದವನಿಗೆ ಹೆಂಡತಿ ಕಾಫಿ ಕೊಡುತ್ತಾ, "ರೀ, ಓಟು ಹಾಕಿ ಬಂದ್ರಾ?" ಅಂದಳು. ಅವಳದಿನ್ನೂ ಗ್ರೀನ್ ಕಾರ್ಡ್, ಹಾಕುವ ಹಾಗಿಲ್ಲ. "ತಾಲೀಮು ಮುಗಿಸ್ಕೊಂಡು ಬರ್ತಾ ಹಾಕ್ತೀನಿ ಕಣೇ, ಇದೇನು ಪ್ರೆಸಿಡೆಂಟ್ ಎಲೆಕ್ಷನ್ನಾ" ಅಂದೆ.

ಮತಗಟ್ಟೆ ಮನೆಯಿಂದ ಕಾರಲ್ಲಿ ನಾಲ್ಕು ನಿಮಿಷ. ತಾಲೀಮಿಗೆ ಹೋಗುವಾಗ ಅದರ ಮುಂದೆಯೇ ಹಾದುಹೋದೆ. ಪಾರ್ಕಿಂಗ್ ತುಂಬಿತ್ತು, ನಿಲ್ಲಿಸಲಿಲ್ಲ. 7 ಗಂಟೆಗೆ ಮುಚ್ಚುತ್ತಾರೆ ಅಂತ ಗೊತ್ತಿತ್ತು. ಅಷ್ಟರೊಳಗೆ ಸಾಲಿನಲ್ಲಿ ನಿಂತಿದ್ದರೆ ಸಾಕು ಅಂತಲೂ ಗೊತ್ತಿತ್ತು. 6.40ಕ್ಕೆ ಗಡಿಯಾರ ನೋಡಿದೆ, ಮೂರನೇ ದೃಶ್ಯ ಇನ್ನೊಂದು ಸಲ ಮಾಡೋಣ ಅಂದರು, ಮಾಡಿದೆ. ಮರೆತದ್ದಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಒಂದು ಓಟಿನಿಂದ ಏನಾಗುತ್ತೆ ಅಂತ ಲೆಕ್ಕ ಹಾಕಿ ಬಿಟ್ಟವನು ನಾನು. ನಮ್ಮದು 94ನೇ ಕ್ಷೇತ್ರ ಅನ್ನುವುದೂ ಅವತ್ತು ನನಗೆ ಗೊತ್ತಿರಲಿಲ್ಲ.

ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಡೇವಿಡ್ ಯಾನ್ಸಿ 10 ಓಟು ಮುಂದೆ. ಡಿಸೆಂಬರ್‌ನಲ್ಲಿ ಮರುಎಣಿಕೆ: ಡೆಮಾಕ್ರಟ್ ಶೆಲ್ಲಿ ಸೈಮಂಡ್ಸ್ ಒಂದೇ ಓಟಿನಿಂದ ಗೆದ್ದರು. ಮರುದಿನ ಮೂವರು ನ್ಯಾಯಾಧೀಶರು ವಿವಾದದ ಒಂದು ಮತಪತ್ರ ಎತ್ತಿಕೊಂಡರು. ಅದರಲ್ಲಿ ಇಬ್ಬರ ಹೆಸರಿನ ಮುಂದೆಯೂ ಕಪ್ಪು ತುಂಬಿ, ಸೈಮಂಡ್ಸ್ ಕಡೆಯದಕ್ಕೆ ಒಂದು ಓರೆಗೆರೆ ಎಳೆದಿತ್ತು. ಯಾನ್ಸಿಗೆ ಹಾಕಿದ್ದು ಅಂತ ತೀರ್ಪು. ಇಬ್ಬರಿಗೂ 11,608.

ಸಮ ಆಯ್ತಲ್ಲ, ಜನವರಿ 4ಕ್ಕೆ ರಾಜಧಾನಿ ರಿಚ್ಮಂಡ್‌ನಲ್ಲಿ ಚೀಟಿ ಎತ್ತಿದರು. ಅವತ್ತು ನಮ್ಮಲ್ಲಿ ಭಾರೀ ಹಿಮ, ಮನೆಯಲ್ಲೇ ಕೂತು ಲೈವ್ ನೋಡಿದೆವು. ಹಳೆಯ ಕ್ಯಾಮೆರಾ ರೀಲಿನ ಡಬ್ಬಿ ಎರಡು, ಒಳಗೊಂದೊಂದು ಹೆಸರು, ಪಿಂಗಾಣಿ ಬಟ್ಟಲಲ್ಲಿ ಕಲಸಿ ಒಂದನ್ನು ತೆಗೆದರು. ಯಾನ್ಸಿ. ಸದನ ರಿಪಬ್ಲಿಕನ್ನರಿಗೆ 51–49. ಹೆಂಡತಿ ಟಿವಿ ನೋಡುತ್ತಲೇ, "ಅವತ್ತು ತಾಲೀಮು ಚೆನ್ನಾಗಾಯ್ತಲ್ವಾ?" ಅಂದಳು.

2004ರಲ್ಲಿ ಸಂತೆಮರಹಳ್ಳಿಯಲ್ಲಿ ಧ್ರುವನಾರಾಯಣ ಒಂದೇ ಓಟಿನಿಂದ ಗೆದ್ದ ಕಥೆಯನ್ನು ಇಲ್ಲಿನ ಸಹೋದ್ಯೋಗಿಗಳಿಗೆ ಹೇಳಿ ನಗಿಸುತ್ತಿದ್ದವನು ನಾನೇ. ಆಮೇಲೆ ಹೇಳುವುದು ಬಿಟ್ಟೆ.

ಈಗ ನಿಮ್ಮ ಪ್ರಶ್ನೆ. ಅದೇ ತಪ್ಪು ಅನ್ನುತ್ತೇನೆ, ಬೇಜಾರಾಗಬೇಡಿ. ಎಲೆಕ್ಟೋರಲ್ ಕಾಲೇಜ್ ಕಿತ್ತುಹಾಕಲು ಸಂವಿಧಾನ ತಿದ್ದಬೇಕು, ಅದಕ್ಕೆ 38 ರಾಜ್ಯಗಳ ಒಪ್ಪಿಗೆ ಬೇಕು. ಒಪ್ಪಬೇಕಾದವರು ಸಾಮಾನ್ಯವಾಗಿ ಆ ರಾಜ್ಯಗಳ ಶಾಸಕರೇ. ದೇಶದಲ್ಲಿ ಹೆಚ್ಚು ಓಟು ಪಡೆದವರಿಗೇ ನಮ್ಮ ರಾಜ್ಯದ ಎಲೆಕ್ಟರ್‌ಗಳು ಅನ್ನುವ ರಾಜ್ಯಗಳ ಒಪ್ಪಂದವೊಂದಿದೆ. ಸೇರಿದ ರಾಜ್ಯಗಳ ಎಲೆಕ್ಟರ್‌ಗಳು ಒಟ್ಟು 270 ಆದರೆ, ಅಂದರೆ ಬಹುಮತ ಬಂದರೆ, ಜಾರಿ. ನಿಮ್ಮ ನ್ಯೂಜೆರ್ಸಿ 2008ರಲ್ಲೇ ಸೇರಿದೆ. ಸೇರಿಸಿದ್ದೂ ಶಾಸಕರೇ. ನಿಮ್ಮವರ ಹೆಸರು ಗೊತ್ತಾ? ಪಕ್ಷಕ್ಕೆ ಬೇಕಾದಂತೆ ಕ್ಷೇತ್ರದ ಗಡಿ ಕೊರೆಯುವುದು ಫೆಡರಲ್ ಕೋರ್ಟಿಗೆ ಬರುವ ವಿಷಯವಲ್ಲ ಅಂತ ಸುಪ್ರೀಂ ಕೋರ್ಟು 2019ರಲ್ಲಿ 5–4ರಲ್ಲಿ ಕೈ ತೊಳೆದುಕೊಂಡಿತು. ಅಲ್ಲಿಗೆ ಅದೂ ಬಹುಮಟ್ಟಿಗೆ ರಾಜ್ಯದ ಪಾಲಿಗೇ ಬಂತು. ಗಡಿ ಕೊರೆಯಲು ಆಯೋಗ ಮಾಡಿದರೆ ಎಲ್ಲ ಸರಿ ಅನ್ನುವವರನ್ನೂ ನಾನು ನಂಬುವುದಿಲ್ಲ: ವರ್ಜೀನಿಯಾದಲ್ಲಿ 16 ಜನರ ಆಯೋಗ 2021ರಲ್ಲಿ ಜಗಳಾಡಿಕೊಂಡು ಕೂತು, ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟೇ ನಕ್ಷೆ ಮಾಡಿಸಬೇಕಾಯಿತು.

ನನ್ನಂಥವರಿಗೆ ಬೇಕಿದ್ದ ಸುಧಾರಣೆ ತೀರಾ ಸಣ್ಣದು. 2017ರಲ್ಲಿ ವರ್ಜೀನಿಯಾದಲ್ಲಿ ಮುಂಚಿತವಾಗಿ ಓಟು ಹಾಕಲು ಕಾರಣ ಕೊಡಬೇಕಿತ್ತು. 2019ರಲ್ಲಿ ಸದನ ಡೆಮಾಕ್ರಟರ ಕೈಗೆ ಹೋದ ಮೇಲೆ, 2020ರಲ್ಲಿ, 45 ದಿನ ಮೊದಲೇ ಯಾವ ಕಾರಣವೂ ಇಲ್ಲದೆ ಹಾಕಬಹುದು ಅಂತ ಕಾನೂನು ಬಂತು, ಚುನಾವಣೆಯ ದಿನ ರಾಜ್ಯ ರಜೆಯೂ ಆಯ್ತು. ನಿಮ್ಮ ರಾಜ್ಯದಲ್ಲೂ ಗವರ್ನರ್, ಶಾಸಕರ ಚುನಾವಣೆ ಬೆಸ ವರ್ಷದಲ್ಲೇ. ಮೊದಲು ಆ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

2019ರಲ್ಲಿ ಅದೇ ಯಾನ್ಸಿ, ಅದೇ ಸೈಮಂಡ್ಸ್. ಬೆಳಗ್ಗೆ 6ಕ್ಕೆ ಬಾಗಿಲು ತೆಗೆಯುವ ಮೊದಲೇ ಚಳಿಯಲ್ಲಿ ಹೋಗಿ ನಿಂತಿದ್ದೆ. ಸೈಮಂಡ್ಸ್ ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು, ನನ್ನದು ಬೇಕೇ ಆಗಲಿಲ್ಲ.