ಪ್ರಾಚೀನ ಚೀನಾದ ಚಿಂತಕ ಕನ್‌ಫ್ಯೂಷಿಯಸ್ ಬೋಧಿಸಿದ ‘ಷಿಯಾವೊ’ (ಹೆತ್ತವರ ಬಗೆಗಿನ ಭಕ್ತಿ ಮತ್ತು ಕರ್ತವ್ಯ) ಎಂದರೆ ಹೆತ್ತವರಿಗೆ ಕುರುಡು ವಿಧೇಯತೆಯೇ?

ಅಲ್ಲ. ಆಚರಣೆಯಲ್ಲಿ ಅದು ಹಲವೊಮ್ಮೆ ಹಾಗಾದದ್ದು ನಿಜವಾದರೂ ಮೂಲ ಗ್ರಂಥಗಳ ನಿಲುವು ಬೇರೆಯೇ ಆಗಿದೆ.

ಕನ್‌ಫ್ಯೂಷಿಯಸನ ಮಾತುಗಳ ಸಂಗ್ರಹವಾದ ‘ಲುನ್‌ಯು’ವಿನಲ್ಲಿ, ಹೆತ್ತವರಿಗೆ ಅನ್ನ ಹಾಕುವುದನ್ನೇ ಜನರು ಷಿಯಾವೊ ಎಂದು ತಿಳಿದಿದ್ದಾರೆ, ಆದರೆ ನಾಯಿ ಕುದುರೆಗಳನ್ನೂ ನಾವು ಸಾಕುತ್ತೇವಲ್ಲ, ಗೌರವವಿಲ್ಲದಿದ್ದರೆ ಇವೆರಡಕ್ಕೂ ವ್ಯತ್ಯಾಸವೇನು ಎಂದು ಆತ ಕೇಳುತ್ತಾನೆ. ತಂದೆತಾಯಿ ತಪ್ಪಿದಾಗ ಮೃದುವಾಗಿ ತಿಳಿಹೇಳಬೇಕು, ಅವರು ಕೇಳದಿದ್ದರೂ ಗೌರವವನ್ನು ಬಿಡಬಾರದು ಎಂಬ ಮಾತೂ ಅಲ್ಲಿಯೇ ಇದೆ. ಷಿಯಾವೊ ಕುರಿತೇ ಇರುವ ‘ಷಿಯಾವೊ ಜಿಂಗ್’ ಎಂಬ ಪ್ರಾಚೀನ ಗ್ರಂಥವಂತೂ ಇನ್ನಷ್ಟು ಖಚಿತವಾಗಿ, ತಂದೆ ಅನ್ಯಾಯದ ದಾರಿ ಹಿಡಿದಾಗ ಮಗನು ಅದನ್ನು ವಿರೋಧಿಸಲೇಬೇಕು, ಸುಮ್ಮನೆ ಹೇಳಿದಂತೆ ಕೇಳುವುದು ಷಿಯಾವೊ ಆಗಲಾರದು ಎನ್ನುತ್ತದೆ.

ಈ ಕರ್ತವ್ಯದ ಮೂಲದಲ್ಲಿರುವುದು ಋಣದ ಭಾವನೆ. ತಂದೆತಾಯಿ ಸತ್ತಾಗ ಮೂರು ವರ್ಷದ ಶೋಕಾಚರಣೆ ಅತಿಯಾಯಿತು, ಒಂದು ವರ್ಷ ಸಾಕು ಎಂದು ಶಿಷ್ಯನೊಬ್ಬ ವಾದಿಸಿದಾಗ, ಮಗು ಹೆತ್ತವರ ತೋಳಿನಿಂದ ಇಳಿಯಲು ಮೂರು ವರ್ಷ ಬೇಕಾಗುತ್ತದೆ ಎಂದು ಕನ್‌ಫ್ಯೂಷಿಯಸ್ ನೆನಪಿಸುತ್ತಾನೆ. ಲೆಕ್ಕಾಚಾರದಂತೆ ತೋರಿದರೂ ಅದು ಮನಸ್ಸಿಗೆ ನಾಟುವ ಉತ್ತರವೇ ಸರಿ.

ತಂದೆಯೂ ವಾತ್ಸಲ್ಯದಿಂದ ಇರಬೇಕೆಂಬ ವಿಧಿ ಇತ್ತು. ಆದರೆ ಕಾನೂನಿನ ತಕ್ಕಡಿ ಹಿರಿಯರ ಕಡೆಗೇ ವಾಲಿತ್ತು. 7ನೇ ಶತಮಾನದ ಟಾಂಗ್ ಸಂಹಿತೆಯು (ಚೀನಾದ ಟಾಂಗ್ ರಾಜವಂಶದ ಕಾನೂನು ಸಂಗ್ರಹ) ಹೆತ್ತವರ ಬಗೆಗಿನ ಕರ್ತವ್ಯಲೋಪವನ್ನು ಹತ್ತು ಘೋರ ಅಪರಾಧಗಳಲ್ಲಿ ಒಂದೆಂದು ಎಣಿಸಿತು. ಇಂದಿನ ಚೀನಾದಲ್ಲಿಯೂ, ವೃದ್ಧರ ಹಕ್ಕುಗಳ ರಕ್ಷಣೆಯ ಕಾನೂನಿಗೆ ತಂದ, 2013ರ ಜುಲೈನಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ದೂರದಲ್ಲಿ ನೆಲೆಸಿದ ಮಕ್ಕಳು ಹೆತ್ತವರನ್ನು ಆಗಾಗ ಕಂಡು ಬರಬೇಕು ಅಥವಾ ಅವರ ಯೋಗಕ್ಷೇಮ ವಿಚಾರಿಸಬೇಕು. ‘ಆಗಾಗ’ ಎಂದರೆ ಎಷ್ಟು ಸಲವೆಂದು ಮಾತ್ರ ಆ ಕಾನೂನು ಹೇಳುವುದಿಲ್ಲ.