ತಪ್ಪು ಅಚ್ಚಾದ ಪುಟದಲ್ಲೇ ತಿದ್ದುಪಡಿ

(ಶಿವಮೊಗ್ಗದ ನಿವೃತ್ತ ಅಧ್ಯಾಪಕಿಯೊಬ್ಬರು ಆರು ತಿಂಗಳು ಒಹಾಯೊದ ಮಗಳ ಮನೆಯಲ್ಲಿದ್ದು ಬಂದು ಬರೆದಿದ್ದಾರೆ: "ಅಲ್ಲಿ ಸಣ್ಣ ಊರಿಗೂ ಚೆಂದದ ಗ್ರಂಥಾಲಯವಿದೆ. ಉಕ್ಕಿನ ಉದ್ಯಮಿ ಕಾರ್ನೆಗಿ ಒಬ್ಬರೇ ಅಮೆರಿಕದಲ್ಲಿ 2,509 ಗ್ರಂಥಾಲಯ ಕಟ್ಟಿಸಿದರೆಂದು ನಿಮ್ಮ ಪತ್ರಿಕೆಯಲ್ಲೇ ಓದಿದ್ದೆ. ಅಲ್ಲಿಯ ಜನ ಓದುತ್ತಾರೆ, ಅದಕ್ಕೇ ಅಲ್ಲಿಯ ಪತ್ರಿಕೆಗಳು ಪ್ರಾಮಾಣಿಕ. ನಮ್ಮವರು ಓದುವುದಿಲ್ಲ. ನೀವೇಕೆ ಇದನ್ನು ಬರೆಯುವುದಿಲ್ಲ?")

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಮಗಳ ಮನೆಯಲ್ಲಿದ್ದಾಗಲೂ ಗ್ರಂಥಾಲಯವನ್ನು ಹುಡುಕಿಕೊಂಡು ಹೋದ ನಿಮ್ಮಂಥ ಓದುಗರು ಪತ್ರಿಕೆಯೊಂದಕ್ಕೆ ದೊರೆಯುವುದು ಭಾಗ್ಯ. ಆ ಗ್ರಂಥಾಲಯಗಳ ಬಗ್ಗೆ ನೀವು ಹೇಳಿದ್ದು ನಿಜ. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು 1731ರಲ್ಲೇ ಫಿಲಡೆಲ್ಫಿಯಾದಲ್ಲಿ ಚಂದಾ ಕೂಡಿಸಿ ಪುಸ್ತಕ ತರಿಸಿ ಹಂಚಿಕೊಂಡು ಓದತೊಡಗಿದ ದೇಶ ಅದು.

ಆದರೆ ಅಲ್ಲಿಯವರೆಲ್ಲ ಓದುತ್ತಾರೆಂಬ ಮಾತನ್ನು ಒಪ್ಪಲಾರೆ. ಪ್ಯೂ ಸಂಶೋಧನಾ ಸಂಸ್ಥೆ 2021ರಲ್ಲಿ ವಿಚಾರಿಸಿದಾಗ, ಹಿಂದಿನ ಒಂದು ವರ್ಷದಲ್ಲಿ ಒಂದು ಪುಸ್ತಕವನ್ನೂ, ಪೂರ್ತಿಯಾಗಲಿ ಒಂದು ಭಾಗವಾಗಲಿ, ಓದಲಿಲ್ಲವೆಂದವರು ವಯಸ್ಕರಲ್ಲಿ ಶೇ 23ರಷ್ಟಿದ್ದರು. ಗ್ರಂಥಾಲಯದ ಒಳಗೆ ನಿಂತು ನೋಡಿದರೆ ಊರೆಲ್ಲ ಓದುತ್ತಿರುವಂತೆಯೇ ಕಾಣುತ್ತದೆ. ಅದು ನಿಮ್ಮ ಸಹೃದಯತೆಯೇ ಹೊರತು ಲೆಕ್ಕವಲ್ಲ.

ಅಲ್ಲಿಂದ ನಾವು ಕಲಿಯಬೇಕಾದದ್ದು ಬೇರೆಯೇ ಇದೆ, ಅದು ತಪ್ಪನ್ನು ಒಪ್ಪಿಕೊಳ್ಳುವ ರೀತಿ. ವಾಷಿಂಗ್ಟನ್ ಪೋಸ್ಟ್‌ನ ವರದಿಗಾರ್ತಿ ಜಾನೆಟ್ ಕುಕ್ 1980ರಲ್ಲಿ ಮಾದಕವಸ್ತುವಿನ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಬಗ್ಗೆ ಬರೆದರು. ಪೊಲೀಸರು ಊರೆಲ್ಲ ಅವನನ್ನು ಹುಡುಕಿದರು. ಮರುವರ್ಷ ಆ ವರದಿಗೆ ಪುಲಿಟ್ಜರ್ ಪ್ರಶಸ್ತಿ ಬಂತು, ಅದರ ಬೆನ್ನಿಗೇ ಅಂಥ ಹುಡುಗನೇ ಇಲ್ಲವೆಂಬುದು ಬಯಲಾಯಿತು. ಪತ್ರಿಕೆ ಪ್ರಶಸ್ತಿಯನ್ನು ಹಿಂದಿರುಗಿಸಿತು. ಅಷ್ಟಕ್ಕೇ ನಿಲ್ಲದೆ, ಓದುಗರ ದೂರುಗಳನ್ನು ವಿಚಾರಿಸಲೆಂದು ತಾನೇ ನೇಮಿಸಿಕೊಂಡಿದ್ದ ಬಿಲ್ ಗ್ರೀನ್ ಅವರಿಗೆ ಕಚೇರಿಯ ಬಾಗಿಲುಗಳನ್ನೆಲ್ಲ ತೆರೆದುಕೊಟ್ಟಿತು. ಯಾವ ಸಂಪಾದಕ ಏನನ್ನು ಕೇಳದೆ ಬಿಟ್ಟ, ಯಾರ ಅನುಮಾನವನ್ನು ಯಾರು ತಳ್ಳಿಹಾಕಿದರು ಎಂಬುದನ್ನೆಲ್ಲ ಅವರು ಬರೆದರು, ಆ ಬರಹ ಮುಖಪುಟದಿಂದಲೇ ಆರಂಭವಾಯಿತು. 2003ರ ಮೇ 11ರ ಭಾನುವಾರ ನ್ಯೂಯಾರ್ಕ್ ಟೈಮ್ಸ್ ಕೂಡ ತನ್ನ ವರದಿಗಾರ ಜೇಸನ್ ಬ್ಲೇರ್ ಕಟ್ಟಿದ ಸುಳ್ಳುಗಳನ್ನೂ ಕದ್ದ ಸಾಲುಗಳನ್ನೂ ಏಳು ಸಾವಿರಕ್ಕೂ ಹೆಚ್ಚು ಪದಗಳಲ್ಲಿ ಮುಖಪುಟದಿಂದಲೇ ಬಿಚ್ಚಿಟ್ಟಿತು. ಮುಂದಿನ ತಿಂಗಳು ಇಬ್ಬರು ಹಿರಿಯ ಸಂಪಾದಕರು ಹುದ್ದೆ ಬಿಟ್ಟರು.

ಹೀಗೆ ಒಪ್ಪಿಕೊಂಡರೆ ಓದುಗರ ನಂಬಿಕೆ ಕುಸಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕುಸಿದಿರುವುದೂ ನಿಜವೇ. ಗ್ಯಾಲಪ್ ಸಮೀಕ್ಷೆಯಲ್ಲಿ ಮಾಧ್ಯಮಗಳ ಮೇಲೆ ಭರವಸೆಯಿದೆ ಎಂದವರು 1976ರಲ್ಲಿ ಶೇ 72 ಇದ್ದರೆ 2024ರಲ್ಲಿ ಶೇ 31ಕ್ಕೆ ಇಳಿದಿದ್ದರು. ಆದರೆ ಆ ಇಳಿಕೆಯನ್ನು ತಿದ್ದುಪಡಿಗಳ ತಲೆಗೆ ಕಟ್ಟುವುದು ಅನ್ಯಾಯ. ವಾಷಿಂಗ್ಟನ್ ಪೋಸ್ಟ್ 2013ರಲ್ಲಿ, ನ್ಯೂಯಾರ್ಕ್ ಟೈಮ್ಸ್ 2017ರಲ್ಲಿ ಓದುಗರ ಪರವಾಗಿ ಪ್ರಶ್ನಿಸುವ ಆ ಹುದ್ದೆಯನ್ನೇ ತೆಗೆದುಹಾಕಿದವು. ಊರಿನ ಶಾಲಾ ಮಂಡಳಿ, ಪುರಸಭೆಗಳ ಸುದ್ದಿ ಬರೆಯುತ್ತಿದ್ದ ಸಣ್ಣ ಪತ್ರಿಕೆಗಳು 2005ರಿಂದೀಚೆಗೆ ಸಾವಿರಗಳ ಲೆಕ್ಕದಲ್ಲಿ ಮುಚ್ಚಿವೆ. ತಪ್ಪಾದರೆ ಎದುರಿಗೆ ಸಿಕ್ಕಿ ಕೇಳಬಹುದಾದ ಸಂಪಾದಕನೇ ಊರಿನಲ್ಲಿಲ್ಲದ ಮೇಲೆ ಜನ ಯಾರನ್ನು ನಂಬಬೇಕು?

ಇನ್ನು ನಮ್ಮ ಕಡೆಗೆ ಬರುತ್ತೇನೆ. ನಾನು ಉಪಸಂಪಾದಕನಾಗಿದ್ದ ದಿನಪತ್ರಿಕೆಯಲ್ಲಿ ಒಮ್ಮೆ, ಹಣ ದುರುಪಯೋಗದ ಆರೋಪಿಯ ಬದಲು ಅದೇ ಹೆಸರಿನ ಒಬ್ಬ ಮೇಷ್ಟರ ಭಾವಚಿತ್ರ ಮೊದಲ ಪುಟದಲ್ಲಿ ಅಚ್ಚಾಯಿತು. ಪುಟ ಕಟ್ಟಿದವನು ನಾನೇ. ಮಾರನೆಯ ದಿನ ಒಳಪುಟದ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಗಳ ಕೆಳಗೆ, ಎರಡು ಸಾಲಿನ ವಿಷಾದ ಬಂತು. ಮೇಷ್ಟರು ಕಚೇರಿಗೆ ಬಂದರು, ಕೂಗಾಡಲಿಲ್ಲ. "ನನ್ನ ಮುಖವನ್ನು ಎಲ್ಲಿ ಹಾಕಿದ್ದಿರೋ ಅಲ್ಲೇ ಇದನ್ನೂ ಹಾಕಿ ಸ್ವಾಮಿ, ಮಕ್ಕಳು ಒಳಪುಟ ಓದುವುದಿಲ್ಲ" ಎಂದರು. ಮಾಲೀಕರು ಒಪ್ಪಲಿಲ್ಲ. ಮೇಷ್ಟರು ಮೆಟ್ಟಿಲಿಳಿದು ಹೋದದ್ದು ಮೂವತ್ತೈದು ವರ್ಷಗಳ ನಂತರವೂ ನನ್ನ ಕಣ್ಣ ಮುಂದಿದೆ.

ನಮ್ಮವರು ಓದುವುದಿಲ್ಲ ಎಂದು ನೀವು ಬರೆದಾಗ ನನಗೆ ನೋವಾದದ್ದು ಇದೇ ಕಾರಣಕ್ಕೆ. ಆ ಮೇಷ್ಟರು ಓದುಗರೇ ಆಗಿದ್ದರು. ಅಂದಿನಿಂದ ಅವರು ಪತ್ರಿಕೆ ತರಿಸುವುದನ್ನು ಬಿಟ್ಟರಂತೆ. ನಮ್ಮ ಹಳೆಯ ಕನ್ನಡ ಪುಸ್ತಕಗಳಲ್ಲಿ ತಪ್ಪು–ಒಪ್ಪುಗಳ ಪಟ್ಟಿಯೊಂದು ಇರುತ್ತಿತ್ತು, ಅಚ್ಚುಮೊಳೆಯ ಸಣ್ಣ ದೋಷವನ್ನೂ ಪುಟ, ಸಾಲು ಸಮೇತ ತೋರಿಸಿ ಓದುಗರ ಕ್ಷಮೆ ಕೋರುತ್ತಿದ್ದರು. ಆ ಸಂಕೋಚ ಈಗ ಎಲ್ಲಿದೆ? ಟಿ.ವಿ. ವಾಹಿನಿಗಳಲ್ಲಿ ಬೆಳಿಗ್ಗೆ ಅಪರಾಧಿಯೆಂದು ಕೂಗಿದ ಹೆಸರು ಸಂಜೆಗೆ ಸದ್ದಿಲ್ಲದೆ ಮಾಯವಾಗುತ್ತದೆ. ಅಂತರ್ಜಾಲದಲ್ಲಿ ಸುದ್ದಿಯನ್ನು ರಾತ್ರೋರಾತ್ರಿ ತಿದ್ದಿ, ತಿದ್ದಿದ್ದೇವೆಂದು ಒಂದು ಸಾಲನ್ನೂ ಬರೆಯುವುದಿಲ್ಲ. ಹಣ ಪಡೆದ ಜಾಹೀರಾತು ಸುದ್ದಿಯ ವೇಷದಲ್ಲಿ ಬರುತ್ತದೆ. ಇಷ್ಟೆಲ್ಲ ಮಾಡಿ, ಓದುಗರು ಕಡಿಮೆಯಾದರೆಂದು ವಿಚಾರ ಸಂಕಿರಣಗಳಲ್ಲಿ ಕುಳಿತು ಹಲುಬುತ್ತೇವೆ.

ಕೊನೆಯದಾಗಿ, ನೀವು ನಮ್ಮನ್ನು ನಂಬಿ ಬಳಸಿದ ಆ ಅಂಕಿ ತಪ್ಪು. 2,509 ಎಂಬುದು ಕಾರ್ನೆಗಿ ಅವರ ಹಣದಿಂದ ಜಗತ್ತಿನಾದ್ಯಂತ ಎದ್ದ ಗ್ರಂಥಾಲಯಗಳ ಸಂಖ್ಯೆ. ಅಮೆರಿಕದಲ್ಲಿ ಕಟ್ಟಿದವು 1,680ರ ಆಸುಪಾಸು, ಉಳಿದವುಗಳಲ್ಲಿ ಹೆಚ್ಚಿನವು ಬ್ರಿಟನ್, ಐರ್ಲೆಂಡ್, ಕೆನಡಾಗಳಲ್ಲಿವೆ. ಆ ಲೇಖನವನ್ನು ನೋಡಿ ಅಚ್ಚಿಗೆ ಕಳುಹಿಸಿದವನು ನಾನು. ಅದು ಮೂರನೆಯ ಪುಟದಲ್ಲಿ ಬಂದಿತ್ತು. ಈ ಸಂಚಿಕೆಯ ಮೂರನೆಯ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ತಿದ್ದುಪಡಿ ಇದೆ.

– ಸಂಪಾದಕ